ಮಾಸ್ಟ್ರು ಬಿಟ್ಟುಹೋದ ಸೊಪ್ಪಿನ ಯಂತ್ರ

ಒಣಸೊಪ್ಪು, ಬೇರು, ಬೀಜ ಮಾರುವವನನ್ನು ಜನ ಅರ್ಧ ಡಾಕ್ಟರ್ ಎಂದು ತಿಳಿಯುತ್ತಾರೆ. ಉಳಿದರ್ಧ ಏನೆಂದು ತಿಳಿಯುತ್ತಾರೋ ನನಗೆ ಇನ್ನೂ ಗೊತ್ತಾಗಿಲ್ಲ. ನಾನು ಬಂಟ್ವಾಳದ ಕಡೆಯವನು. ಒಮಾನಿನ ಬುರೈಮಿ ಪೇಟೆಯಲ್ಲಿ ಈ ಅಂಗಡಿ ನಡೆಸುತ್ತಾ ಇಪ್ಪತ್ತೊಂದು ವರ್ಷವಾಯಿತು. ಪುದೀನ, ಓಮ, ಸೋನಾಮುಖಿ, ಒಣನಿಂಬೆ, ಕರಿಜೀರಿಗೆ, ಸುಟ್ಟು ಧೂಪ ಹಾಕುವ ಲುಬಾನ್ ಅಂಟು. ಇವುಗಳ ಡಬ್ಬಗಳ ಹಿಂದೆ ನಾನು. ಮಗ ಗಣಿತದಲ್ಲಿ ಪಾಸಾಗಲು ಸೊಪ್ಪು ಉಂಟಾ ಎಂದು ಕೇಳಿದವರಿದ್ದಾರೆ. ಒಂಟೆಗೆ ಹೊಟ್ಟೆ ಕಟ್ಟಿದೆ ಎಂದು ಸೋನಾಮುಖಿ ಒಯ್ದವನೊಬ್ಬ, ಒಂಟೆಗೆ ಕೊಡುವ ಮೊದಲು ಕಷಾಯ ಮಾಡಿ ತಾನೇ ರುಚಿ ನೋಡಿದ. ಆಮೇಲೆ ಒಂಟೆಯ ಹತ್ತಿರ ಹೋಗಲು ಅವನಿಗೆ ಎರಡು ದಿನ ಪುರುಸೊತ್ತೇ ಸಿಗಲಿಲ್ಲವಂತೆ.

ಇಂಥದ್ದು ತಿಂಗಳಿಗೊಂದಾದರೂ ನಡೆಯುತ್ತದೆ. ಒಂದೇ ವಾರದಲ್ಲಿ ರಾಶಿ ಬಿದ್ದ ಹಾಗೆ ನಡೆದದ್ದು ಮಾತ್ರ ಹೋದ ವರ್ಷ, ಮಾಸ್ಟ್ರ ಯಂತ್ರ ನನ್ನ ಕೈಗೆ ಬಂದಾಗ.

೧. ಗಡ್ಡಕ್ಕಲ್ಲ, ಎದೆಗೆ

ಮಾಸ್ಟ್ರು ಎಂದರೆ ಇಲ್ಲಿಯವರೇ, ಒಮಾನಿ. ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಸಿಗರೇಟು ಸೇದುವುದರಿಂದ ಮಾತ್ರ ನಿವೃತ್ತರಾಗಿರಲಿಲ್ಲ. ಕೆಮ್ಮಿಗೆಂದು ನನ್ನಲ್ಲಿ ಸೊಪ್ಪು ಒಯ್ಯುತ್ತಿದ್ದರು. ಕಷಾಯ ಕುಡಿದು, ಗಂಟಲು ಸರಿಯಾಯಿತೆಂದು ಒಂದು ಸಿಗರೇಟು ಹಚ್ಚುತ್ತಿದ್ದರು.

ಅವತ್ತು ಬೆಳಿಗ್ಗೆ ಬಂದವರು ಜೇಬಿನಿಂದ ಕಪ್ಪು ಬಣ್ಣದ ಒಂದು ವಸ್ತು ತೆಗೆದು ಕೌಂಟರಿನ ಮೇಲೆ ನಿಲ್ಲಿಸಿದರು. ಅಂಗೈ ಉದ್ದ, ಒಂದೇ ಗುಂಡಿ.

"ಟ್ರಿಮ್ಮರ್ ಹಾಳಾಯಿತಾ? ಕ್ಷೌರದಂಗಡಿ ಇಲ್ಲಿಂದ ಮೂರನೆಯದು" ಎಂದೆ.

"ಇದು ಗಡ್ಡಕ್ಕಲ್ಲ, ಎದೆಗೆ" ಎಂದರು.

ಎದೆಯ ಕೂದಲು ತೆಗೆಸುವವರೂ ಲೋಕದಲ್ಲಿ ಇದ್ದಾರೆ. ನಾನು ತಲೆಯಾಡಿಸಿದೆ. ಆಮೇಲೆ ಅವರೇ ವಿವರಿಸಿದರು. ಹೊರದೇಶದಲ್ಲಿ ಓದುತ್ತಿರುವ ಮಗ ರಜೆಗೆ ಬಂದಾಗ ಕೊಟ್ಟುಹೋದದ್ದಂತೆ. ಒಣಸೊಪ್ಪನ್ನು ಪುಡಿಮಾಡಿ ಇದರ ಹೊಟ್ಟೆಗೆ ತುಂಬಬೇಕು. ಯಂತ್ರ ಅದನ್ನು ಸುಡುವುದಿಲ್ಲ, ಬರೀ ಕಾಯಿಸುತ್ತದೆ. ಮೇಲಿನ ಕೊಳವೆಯಿಂದ ಆವಿ ಎಳೆಯಬೇಕು. ಹೊಗೆಯಿಲ್ಲ, ಬೂದಿಯಿಲ್ಲ. ಇದನ್ನು ಹಿಡಿದುಕೊಂಡರೆ ಸಿಗರೇಟು ಬಿಡಬಹುದು ಎಂಬುದು ಮಗನ ಲೆಕ್ಕ.

ಮಾಸ್ಟ್ರಿಗೆ ಬಿಡಲೇಬೇಕಾಗಿತ್ತು. ನಿಜ್ವಾ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳಿಗೆ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು. ಮೊದಲ ಮೊಮ್ಮಗಳು. ಮಗಳು ಫೋನಿನಲ್ಲೇ ಹೇಳಿಬಿಟ್ಟಿದ್ದಳಂತೆ: "ಬಾಬಾ, ಬನ್ನಿ, ನೋಡಿ. ಆದರೆ ಸಿಗರೇಟಿನ ವಾಸನೆ ಇದ್ದರೆ ಮಗುವನ್ನು ಕೈಗೆ ಕೊಡುವುದಿಲ್ಲ." ತಿಂಗಳಾದ ಮೇಲೆ ತಾಯಿ ಮಗು ಬುರೈಮಿಗೆ ಬರುವವರಿದ್ದರು. ಅಷ್ಟರೊಳಗೆ ಬಾಯಿ ಶುದ್ಧವಾಗಬೇಕು.

"ನಾನು ಒಂದು ವಾರ ನಿಜ್ವಾಕ್ಕೆ ಹೋಗುತ್ತೇನೆ. ನೀನು ಸೊಪ್ಪಿನವನು. ಇದಕ್ಕೆ ಯಾವ ಸೊಪ್ಪು ಸರಿ ಅಂತ ಪರೀಕ್ಷೆ ಮಾಡಿಡು" ಎಂದರು.

"ನಾನು ಹುಟ್ಟಿದ ಮೇಲೆ ಒಂದು ಬೀಡಿ ಕೂಡ ಸೇದಿದವನಲ್ಲ, ಮಾಸ್ಟ್ರೇ."

"ಅದಕ್ಕೇ ನಿನ್ನಲ್ಲಿ ಬಿಡುವುದು. ಸೇದುವವನಲ್ಲಿ ಬಿಟ್ಟರೆ ವಾಪಸ್ ಬರುತ್ತದಾ?"

೨. ಓದದೆ ಹಾಕಿದ ಸಹಿ

ಸೆಪ್ಟೆಂಬರಿನಲ್ಲೂ ಇಲ್ಲಿ ಬೇಸಿಗೆಯೇ. ಮಧ್ಯಾಹ್ನ ಎಸಿ ಆರಿಸಿ ಅಂಗಡಿ ಮುಚ್ಚಿದರೆ ಒಳಗಿನ ಸೊಪ್ಪು ಇನ್ನೊಂದು ಸುತ್ತು ಒಣಗುತ್ತದೆ. ಬ್ಯಾಟರಿಯಿರುವ ವಸ್ತುವನ್ನು ಅಲ್ಲಿ ಬಿಡುವುದು ಸರಿಯಲ್ಲವೆಂದು ಊಟಕ್ಕೆ ಹೋಗುವಾಗ ಮನೆಗೆ ಒಯ್ದೆ.

ಹೆಂಡತಿ ಅದನ್ನು ನೋಡಿದವಳೇ, "ಎಂತದು ಇದು? ಶುಗರ್ ನೋಡುವ ಮಿಶನಾ? ನಿಮಗೆ ಶುಗರ್ ಬಂತಾ?" ಎಂದಳು. ಉತ್ತರಕ್ಕೆ ಕಾಯದೆ ನನ್ನ ಮುಂದಿದ್ದ ಹಲ್ವದ ತಟ್ಟೆ ಎತ್ತಿಕೊಂಡಳು.

ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳು ಬ್ಯಾಗು ಕೂಡ ಇಳಿಸದೆ ಕೂಗಿದಳು. "ಉಪ್ಪಾ! ದಟ್ಸ್ ಎ ವೇಪ್!"

ವೇಪ್ ಎಂದರೆ ಇ-ಸಿಗರೇಟು. ನಾವು ಮನೆಯಲ್ಲಿ ಬ್ಯಾರಿ ಮಾತಾಡುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಒಂಬತ್ತನೇ ಕ್ಲಾಸು. ಸೊಪ್ಪು, ಮಾಸ್ಟ್ರು, ಮೊಮ್ಮಗಳು ಎಂದು ನಾನು ಹೇಳುತ್ತಾ ಹೋದೆ; ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದು ಎದ್ದು ನಿಂತು ಓದಿದಳು. ಶಾಲೆಯಲ್ಲಿ ಧೂಮಪಾನ ವಿರೋಧಿ ಕಾರ್ಯಕ್ರಮವಿತ್ತಂತೆ. ನಮ್ಮ ಮನೆಯೊಳಗೆ ಸೇದುವಂಥ ಯಾವ ಉಪಕರಣವನ್ನೂ ತರುವುದಿಲ್ಲ, ತಂದವರಿಗೆ ಬುದ್ಧಿ ಹೇಳುತ್ತೇವೆ ಎಂದು ತಂದೆತಾಯಿ ಕೊಡುವ ಮಾತು. ಕೆಳಗೆ ನನ್ನ ಸಹಿ. ಹಿಂದಿನ ವಾರ ಅವಳು "ಸೈನ್ ಹಿಯರ್" ಎಂದಿದ್ದಳು, ನಾನು ಮಾಡಿದ್ದೆ. ಪಿಕ್ನಿಕ್ಕಿಗೆ ಒಪ್ಪಿಗೆ ಇರಬೇಕು ಎಂದುಕೊಂಡಿದ್ದೆ.

"ಯೂ ಸೈನ್ಡ್ ಇಟ್, ಉಪ್ಪಾ" ಎಂದಳು. ವಕೀಲರಾಗುವ ಲಕ್ಷಣ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಓದದೆ ಸಹಿ ಹಾಕುವ ಅಭ್ಯಾಸ ನಿಮಗೆ ಯಾವಾಗಿನಿಂದ?"

"ಅಭ್ಯಾಸ ಅಲ್ಲ. ಜೀವಮಾನದಲ್ಲಿ ಎರಡೇ ಸಲ" ಎಂದೆ.

ಮೊದಲ ಸಲ ಯಾವಾಗ ಎಂದು ಅವಳು ಕೇಳಲಿಲ್ಲ. ಆದರೆ ಹಲ್ವದ ತಟ್ಟೆ ವಾಪಸ್ ಬರಲೇ ಇಲ್ಲ.

೩. ದರ್ಜಿಯ ತೀರ್ಪು

ಯಂತ್ರ ಅಂಗಡಿಗೇ ಮರಳಿತು. ಪರೀಕ್ಷೆಗೆ ಸೇದುವ ಒಬ್ಬ ಮನುಷ್ಯ ಬೇಕಿತ್ತು. ಪಕ್ಕದ ಅಂಗಡಿಯ ಪಾಕಿಸ್ತಾನಿ ದರ್ಜಿಯನ್ನು ಕರೆದೆ. ಒಮಾನಿಗಳ ಉದ್ದಂಗಿ, ದಿಶ್‌ದಾಶ ಹೊಲಿಯುವುದರಲ್ಲಿ ಹೆಸರು ಮಾಡಿದವನು. ಒಂದು ಅಂಗಿ ಮುಗಿಯುವಾಗ ಮೂರು ಸಿಗರೇಟು ಮುಗಿಯುತ್ತವೆ.

ಯಂತ್ರದ ಜೊತೆಗಿದ್ದ ಪುಸ್ತಕದ ಅಕ್ಷರಗಳನ್ನು ಇರುವೆಗಳು ಓದಬೇಕು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದ್ದರಲ್ಲಿ ತಿಳಿದದ್ದು ಇಷ್ಟು: ಗುಂಡಿಯನ್ನು ಐದು ಸಲ ಒತ್ತಿದರೆ ಯಂತ್ರ ಏಳುತ್ತದೆ. ಕೆಂಪು ದೀಪ ಇದ್ದರೆ ಕಾಯುತ್ತಿದೆ ಎಂದರ್ಥ. ಹಸಿರಾದರೆ ಒಮ್ಮೆ ನಡುಗಿ ಸಿದ್ಧ ಎಂದು ತಿಳಿಸುತ್ತದೆ. ಸೊಪ್ಪು ತುಂಬುವ ಉಕ್ಕಿನ ಕುಳಿ ದರ್ಜಿಗಳು ಬೆರಳಿಗೆ ಹಾಕುವ ಟೋಪಿಯಷ್ಟು.

ಮೊದಲು ಪುದೀನ. ದರ್ಜಿ ಕಣ್ಣು ಮುಚ್ಚಿ ಎಳೆದ, ಬಿಟ್ಟ. ಬಾಯಿಂದ ಏನೂ ಬರಲಿಲ್ಲ. "ಭಾಯ್, ಯಾರದ್ದೋ ಬಾಯಿಯ ಚೂಯಿಂಗ್ ಗಮ್ ವಾಸನೆ ತೆಗೆದುಕೊಂಡ ಹಾಗಾಯಿತು" ಎಂದ.

ಎರಡನೆಯದು ಓಮ. ಈ ಸಲ ಸ್ವಲ್ಪ ಆವಿ ಕಾಣಿಸಿತು, ಅಂಗಡಿ ತುಂಬ ಬಾಣಂತಿ ಕೋಣೆಯ ವಾಸನೆ. ಹೊರಗೆ ಹೋಗುತ್ತಿದ್ದ ಒಬ್ಬರು ಇಣುಕಿ, "ಯಾರಿಗೆ ಮಗು ಆಯಿತು?" ಎಂದು ವಿಚಾರಿಸಿ ಹೋದರು.

ಮೂರನೆಯದು ಝಾತರ್, ಇಲ್ಲಿಯ ಕಾಡುಸೊಪ್ಪು. ಎಳೆದವನ ಮುಖ ಅರಳಿತು. "ಇದು ಪಿಜ್ಜಾ! ಪೂರಾ ಪಿಜ್ಜಾ!" ಎಂದ. ಇನ್ನೊಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಕೊನೆಗೆ ಹಸಿವಾಗುತ್ತದೆಂದು ಎದ್ದುನಿಂತ.

"ಸಿಗರೇಟಿನ ಜಾಗದಲ್ಲಿ ಇದು ಆಗುತ್ತದಾ? ಸರಿಯಾಗಿ ಹೇಳು, ಒಬ್ಬರ ಮೊಮ್ಮಗಳ ಪ್ರಶ್ನೆ" ಎಂದೆ.

ಅವನು ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ನಿಧಾನವಾಗಿ ತೀರ್ಪು ಕೊಟ್ಟ. "ಭಾಯ್, ಇದರಲ್ಲಿ ಹೊಗೆ ಇಲ್ಲ, ಬೂದಿ ಇಲ್ಲ, ಕೆಮ್ಮು ಇಲ್ಲ, ಮಜಾ ಇಲ್ಲ. ಇದನ್ನು ಕಂಡುಹಿಡಿದದ್ದು ಯಾರೋ ಸಿಗರೇಟು ಸೇದುವವನ ಹೆಂಡತಿ."

೪. ಅಜ್ಜಿಯ ಶಾಲು

ತಿಂಗಳಿಗೊಮ್ಮೆ ಮರಳುಗಾಡಿನ ಕಡೆಯಿಂದ ಒಬ್ಬರು ಅಜ್ಜಿ ಬರುತ್ತಾರೆ. ಮುಖಕ್ಕೆ ಮುಖವಾಡದಂಥ ಹಳೆಕಾಲದ ಬುರ್ಖ, ಕೈಯಲ್ಲಿ ಕೋಲು. ಪಿಕಪ್ಪಿನಿಂದ ಇಳಿದು ನೇರ ಲುಬಾನ್ ಡಬ್ಬದ ಎದುರಿಗೆ ನಿಲ್ಲುತ್ತಾರೆ. ಇಡೀ ಬುರೈಮಿಯಲ್ಲಿ ಲುಬಾನಿನ ಗುಣ ಅವರಷ್ಟು ತಿಳಿದವರಿಲ್ಲ. ನನಗೆ ಕಲಿಸಿದವರೂ ಅವರೇ.

ಆ ದಿನ ಯಂತ್ರ ಬಿಸಿಯಾಗಿ ಕೌಂಟರಿನ ಮೇಲೆ, ಮುಚ್ಚಳ ತೆಗೆದು ಇತ್ತು. ನಾನು ಹಳೆಯ ಸೊಪ್ಪು ಬಡಿದು ಚೆಲ್ಲಿ, ಹೊಸದನ್ನು ತರಲು ಒಳಗೆ ತಿರುಗಿದ್ದೆ. ಅಜ್ಜಿ ಕುಳಿಯ ಮೇಲೆ ಬೆರಳು ಹಿಡಿದು ನೋಡಿದರು. ಬಿಸಿ.

"ಮಬ್ಖರಾ!" ಎಂದರು. ಮಬ್ಖರಾ ಎಂದರೆ ಇಲ್ಲಿಯವರು ಮನೆಗೆ, ಬಟ್ಟೆಗೆ ಧೂಪ ಹಿಡಿಯುವ ಕುಂಡ. ಈಗ ಕರೆಂಟಿನವೂ ಬಂದಿವೆ. ಅಜ್ಜಿಯದು ತಪ್ಪು ಎಂದು ಹೇಳುವಂತಿರಲಿಲ್ಲ.

ನಾನು "ಯಾ ಉಮ್ಮೀ, ಬೇಡ..." ಎನ್ನುವಷ್ಟರಲ್ಲಿ ಅವರು ಡಬ್ಬದಿಂದ ಆರಿಸಿದ ಎರಡು ಒಳ್ಳೆಯ ಹರಳು ಲುಬಾನ್ ಕುಳಿಗೆ ಹಾಕಿಯಾಗಿತ್ತು. ತೆಳ್ಳಗೆ ಎದ್ದ ಘಮವನ್ನು ಶಾಲಿನ ಎರಡೂ ಸೆರಗಿಗೆ ಹಿಡಿದರು. ಆಮೇಲೆ ತೋಳಿನೊಳಗೆ, ಆಮೇಲೆ ಕೈಚೀಲದೊಳಗೆ. ಅಲ್ಲಿದ್ದ ದುಡ್ಡಿಗೂ ಸುಗಂಧವಾಯಿತು.

"ಕೆಂಡ ಬೇಡ, ಬೂದಿ ಇಲ್ಲ, ಜೇಬಿಗೆ ಹೋಗುತ್ತದೆ" ಎಂದು ತೃಪ್ತಿಯಿಂದ ತಲೆಯಾಡಿಸಿದರು. "ಇದನ್ನು ಮಾಡಿದ ಬುದ್ಧಿವಂತನಿಗೆ ಅಲ್ಲಾಹು ಆಯುಷ್ಯ ಕೊಡಲಿ. ನನ್ನ ಮೊಮ್ಮಗಳ ಮದುವೆಗೆ ಆರು ತೆಗೆದಿಡು."

ಅವರು ಹೋದ ಮೇಲೆ ಕುಳಿ ನೋಡಿದೆ. ಲುಬಾನ್ ಕರಗಿ, ಜಾಲರಿಗೆ ಇಳಿದು, ತಣ್ಣಗಾಗಿ, ಹಲಸಿನ ಮೇಣದ ಹಾಗೆ ಕಚ್ಚಿಕೊಂಡಿತ್ತು. ಕಡ್ಡಿ ಹಾಕಿದರೆ ಕಡ್ಡಿ ಬರುವುದಿಲ್ಲ. ಊದಿದರೆ ಗಾಳಿ ಹೋಗುವುದಿಲ್ಲ. ಮಾಸ್ಟ್ರು ಬರಲು ಇನ್ನು ಎರಡೇ ದಿನ. ಅವರು ಒಂದು ಸಲವೂ ಸೇದದ ಯಂತ್ರವನ್ನು ನಾನೇ ಉಸಿರು ಕಟ್ಟಿಸಿ ಕೊಂದಿದ್ದೆ.

೫. ನಾಲ್ಕನೇ ಕ್ಲಾಸಿನ ವಿದ್ಯಾರ್ಥಿ

ಕಡ್ಡಿ ಎಳೆಯುತ್ತಾ ಕೂತಿದ್ದ ಹೊತ್ತಿಗೇ ಬಲದಿಯಾದ, ಎಂದರೆ ಇಲ್ಲಿಯ ಪುರಸಭೆಯ, ಇನ್ಸ್‌ಪೆಕ್ಟರ್ ಒಳಗೆ ಬಂದರು. ಡಬ್ಬಗಳ ಮೇಲಿನ ಚೀಟಿ ನೋಡುವ ಸಾಮಾನ್ಯ ತಪಾಸಣೆ. ಸಲಾಂ ಹೇಳಿ ನಿಂತವರ ಕಣ್ಣು ನನ್ನ ಕೈಗೆ ಬಿತ್ತು.

"ಏನದು?" ಎನ್ನುತ್ತಾ ಯಂತ್ರವನ್ನು ತಮ್ಮ ಕೈಗೆ ತೆಗೆದುಕೊಂಡರು.

ಒಮಾನಿನಲ್ಲಿ ಇ-ಸಿಗರೇಟು ಮಾರುವಂತಿಲ್ಲ. ಇದು ಆ ಜಾತಿಗೆ ಸೇರುತ್ತದೋ ಇಲ್ಲವೋ ನನಗೆ ತಿಳಿಯದು. ತಿಳಿದುಕೊಳ್ಳಲು ಆ ಹೊತ್ತು ಸರಿಯೂ ಇರಲಿಲ್ಲ. ಲೈಸೆನ್ಸು ಕಫೀಲನ, ಎಂದರೆ ನನ್ನನ್ನು ಇಲ್ಲಿ ಇರಿಸಿಕೊಂಡ ಒಮಾನಿ ಪ್ರಾಯೋಜಕನ ಹೆಸರಿನಲ್ಲಿ, ವೀಸಾ ನನ್ನ ಹೆಸರಿನಲ್ಲಿ. ಮಗಳ ಶಾಲೆ, ಇಪ್ಪತ್ತೊಂದು ವರ್ಷ, ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು. ಮಬ್ಖರಾ ಎಂದು ಸುಳ್ಳು ಹೇಳಿದರೆ ಅಜ್ಜಿಯ ಸಾಕ್ಷಿಯಿದೆ ಎಂದೂ ಹೊಳೆಯಿತು. ಆದರೆ ನಾಲಿಗೆ ತಾನಾಗಿ ನಿಜ ಹೇಳಿತು.

"ಮಾರಲಿಕ್ಕಲ್ಲ ಸಾಹೇಬರೇ. ಒಬ್ಬ ಮಾಸ್ಟ್ರು ನೋಡಲು ಕೊಟ್ಟದ್ದು. ಸಿಗರೇಟು ಬಿಡಬೇಕಂತೆ. ಇದರಲ್ಲಿ ಸೊಪ್ಪು ಕಾಯಿಸುತ್ತಾರೆ. ಈಗ ಲುಬಾನ್ ಕಚ್ಚಿಕೊಂಡಿದೆ."

"ಯಾವ ಮಾಸ್ಟ್ರು?"

ಹೆಸರು ಹೇಳಿದೆ. ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಯಂತ್ರವನ್ನು ತಟ್ಟನೆ ಕೌಂಟರಿನ ಮೇಲೆ ನೆಟ್ಟಗೆ ಇಟ್ಟರು. ತಾವೂ ನೆಟ್ಟಗಾದರು.

"ನಾಲ್ಕನೇ ಕ್ಲಾಸಿನಲ್ಲಿ ನಮಗೆ ಅವರೇ" ಎಂದರು. ಮತ್ತೆ ಯಂತ್ರದ ಕಡೆ ನೋಡಿ, "ಅವರು ಸಿಗರೇಟು ಸೇದುತ್ತಾರಾ?" ಎಂದು ಕೇಳಿದರು.

"ನಲವತ್ತು ವರ್ಷದಿಂದ."

ಅವರ ಮುಖದಲ್ಲಿ ಹಳೆಯ ನೋವೊಂದು ಎದ್ದುಬಂತು. "ಶಾಲೆಯ ಹಿಂದೆ ಒಂದೇ ಒಂದು ಸಿಗರೇಟು ಸೇದಿದ್ದಕ್ಕೆ ನನ್ನ ಅಂಗೈ ಮೂರು ದಿನ ಊದಿತ್ತು" ಎಂದರು.

ಆಮೇಲೆ ಕರ್ತವ್ಯ ನೆನಪಾಗಿ ಡಬ್ಬಗಳನ್ನು ಸಾಲಾಗಿ ನೋಡಿದರು. ಓಮದ ಡಬ್ಬದ ಮೇಲೆ ದಿನಾಂಕ ಇರಲಿಲ್ಲ. ಅದಕ್ಕೊಂದು ಎಚ್ಚರಿಕೆ ಚೀಟಿ ಬರೆದು ಕೊಟ್ಟರು. ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಮಾಸ್ಟ್ರಿಗೆ ನನ್ನ ಸಲಾಂ ಹೇಳು" ಎಂದರು. "ಹೆಸರು ಮಾತ್ರ ಹೇಳಬೇಡ."

೬. ಸ್ಪಿರಿಟ್

ಅಂಟು ಕರಗಿಸಲು ಸ್ಪಿರಿಟ್ಟೇ ಬೇಕು ಎಂದು ದರ್ಜಿ ಹೇಳಿದ. ಬೀದಿಯ ಆಚೆ ಬದಿಯ ಫಾರ್ಮಸಿಯಲ್ಲಿ ಉಡುಪಿ ಕಡೆಯ ಒಬ್ಬರು ಕ್ರಿಶ್ಚಿಯನ್ ಫಾರ್ಮಸಿಸ್ಟ್ ಇದ್ದಾರೆ, ನನ್ನ ಹಳೆಯ ಸ್ನೇಹಿತರು. ಅಂಗಡಿ ತುಂಬ ಗಿರಾಕಿಗಳಿದ್ದರು. ಅಲ್ಲಿ ನಿಂತು ಜೋರಾಗಿ ಕೇಳಲು ನನಗೆ ನಾಚಿಕೆಯಾಯಿತು. ಕೌಂಟರಿಗೆ ಬಾಗಿ, ಕನ್ನಡದಲ್ಲಿ, ಮೆಲ್ಲಗೆ ಕೇಳಿದೆ.

"ಸ್ಪಿರಿಟ್ ಉಂಟಾ? ಇದ್ದದ್ದರಲ್ಲಿ ಸ್ಟ್ರಾಂಗ್ ಆದದ್ದು."

ಅವರು ನನ್ನ ಮುಖವನ್ನೇ ನೋಡಿದರು. "ಯಾರಿಗೆ?"

"ನನಗೇ. ಒಳಗೆ ಕಟ್ಟಿಕೊಂಡಿದೆ ಮಾರಾಯ್ರೆ, ಸ್ವಲ್ಪ ಹಾಕಿದರೆ ಸಡಿಲ ಆಗಬಹುದು. ಹೆಂಡತಿಗೆ ಗೊತ್ತಿಲ್ಲ."

ಅವರು ಕೌಂಟರ್ ಬಿಟ್ಟು ಈಚೆ ಬಂದು ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ದರು. ದನಿ ಪಾದ್ರಿಗಳ ದನಿಯ ಹಾಗೆ ಮೆತ್ತಗಾಗಿತ್ತು. "ಇಷ್ಟು ವರ್ಷ ಮುಟ್ಟದವರು ನೀವು. ಎಂತ ಟೆನ್ಶನ್ ಉಂಟು, ನನ್ನಲ್ಲಿ ಹೇಳಿ. ನಮ್ಮ ಚರ್ಚಿನಲ್ಲಿ ಒಬ್ಬರು ಹೀಗೇ ಶುರು ಮಾಡಿದ್ದು, ಈಗ ಪೂರ್ತಿ ಬಿಟ್ಟಿದ್ದಾರೆ. ಅವರ ಹತ್ತಿರ ಮಾತಾಡಿಸಲಾ?"

ಜೇಬಿನಿಂದ ಯಂತ್ರ ತೆಗೆದು ತೋರಿಸಿದ ಮೇಲೆ ಅವರು ನಗುತ್ತಾ ಗೋಡೆ ಹಿಡಿದುಕೊಂಡರು. ಗಿರಾಕಿಗಳು ಔಷಧಿ ಚೀಟಿ ಹಿಡಿದು ಕಾಯಬೇಕಾಯಿತು. ಅವರೇ ಹತ್ತಿ ಸುತ್ತಿದ ಕಡ್ಡಿಗೆ ಸ್ಪಿರಿಟ್ ಅದ್ದಿ, ಒಬ್ಬ ರೋಗಿಯ ಕಿವಿ ಶುಚಿ ಮಾಡುವಷ್ಟು ಜೋಪಾನವಾಗಿ ಕುಳಿ, ಜಾಲರಿ, ಕೊಳವೆ ಎಲ್ಲ ಒರೆಸಿಕೊಟ್ಟರು. ಗಾಳಿ ಹೋಗತೊಡಗಿತು. ಸ್ಪಿರಿಟ್ ಪೂರ್ತಿ ಆರಲೆಂದು ಒಂದು ದಿನ ಬಿಚ್ಚಿಯೇ ಇಟ್ಟೆ. ಲುಬಾನಿನ ವಾಸನೆ ಮಾತ್ರ ಹೋಗಲಿಲ್ಲ.

ಫಾರ್ಮಸಿಸ್ಟ್ ಮೂಸಿ ನೋಡಿ ಹೇಳಿದರು. "ನಿಮ್ಮ ಮಾಸ್ಟ್ರಿಗೆ ಹೇಳಿ, ಇದನ್ನು ನನ್ನ ಎದುರು ಎಳೆಯಬಾರದು. ನಮ್ಮ ಚರ್ಚಿನಲ್ಲೂ ಇದೇ ಧೂಪ, ನಾನು ಅಭ್ಯಾಸಬಲದಿಂದ ಮೊಣಕಾಲೂರಿಬಿಟ್ಟೇನು."

೭. ಹಸಿರು ದೀಪ

ಮಾಸ್ಟ್ರು ನಿಜ್ವಾದಿಂದ ಬಂದರು. ಫೋನಿನಲ್ಲಿ ಮೊಮ್ಮಗಳ ಫೋಟೋ ತೋರಿಸಿದರು. ಎಲ್ಲ ಫೋಟೋಗಳಲ್ಲೂ ಮಗು ಬೇರೆಯವರ ಕೈಯಲ್ಲಿತ್ತು. ಮಾಸ್ಟ್ರು ಒಂದು ಮೂಲೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಶಿಕ್ಷೆಗೆ ನಿಂತ ಹುಡುಗನ ಹಾಗೆ.

ನಡೆದದ್ದನ್ನೆಲ್ಲ ಹೇಳಿದೆ. ಸಲಾಂ ತಲುಪಿಸಿದೆ, ಹೆಸರು ಹೇಳಲಿಲ್ಲ. ದರ್ಜಿ ಆಮೇಲೆ ಎಳೆದು ನೋಡಿದ ಮರಮಿಯಾ ಎಂಬ ಸೊಪ್ಪು ಎಲ್ಲಕ್ಕಿಂತ ಮೆತ್ತಗೆ ಹೋಗುತ್ತದೆ ಎಂಬ ನನ್ನ ವರದಿಯನ್ನೂ ಒಪ್ಪಿಸಿದೆ. ಅವರು ಒಂದು ಪೊಟ್ಟಣ ತೆಗೆದುಕೊಂಡು ಹೋದರು. ಇದು ಆಗಹೋಗುವ ಕೆಲಸವಲ್ಲ ಎಂದು ನಾನೂ ದರ್ಜಿಯೂ ಮಾತಾಡಿಕೊಂಡೆವು.

ಮೂರು ವಾರ ಸುಳಿವಿಲ್ಲ. ಆಮೇಲೆ ಒಂದು ದಿನ ಬಂದರು. ಬಟ್ಟೆಯಲ್ಲಿ ಅತ್ತರಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಕೆಮ್ಮೂ ಇರಲಿಲ್ಲ.

"ಬಿಟ್ಟೆ" ಎಂದರು.

"ಮಾಶಾ ಅಲ್ಲಾಹ್! ಯಂತ್ರ ಅಷ್ಟು ಚೆನ್ನಾಗಿದೆಯಾ?"

"ಯಂತ್ರವಾ? ಅದರಷ್ಟು ರಗಳೆಯ ವಸ್ತು ನಾನು ನೋಡಿಲ್ಲ." ಅವರು ಸ್ಟೂಲ್ ಎಳೆದು ಕೂತರು. "ಸಿಗರೇಟಾದರೆ ಕಡ್ಡಿ ಗೀರಿದರೆ ಆಯಿತು. ಇದಕ್ಕೆ ಸೊಪ್ಪು ಪುಡಿ ಮಾಡು. ಕುಳಿಗೆ ತುಂಬು. ಗುಂಡಿ ಐದು ಸಲ ಒತ್ತು. ನಾಲ್ಕೇ ಒತ್ತಿದರೆ ಮತ್ತೆ ಮೊದಲಿನಿಂದ. ಕೆಂಪು ದೀಪ ನೋಡುತ್ತಾ ಕೂರು. ಅಷ್ಟರಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ಮಾತಾಡಿ ಬಂದರೆ ಅದು ಆರಿ ಮಲಗಿರುತ್ತದೆ. ಮತ್ತೆ ಐದು ಸಲ. ಕೊನೆಗೆ ಹಸಿರು ದೀಪ ಬರುವಾಗ ನಾನು ಯಾಕೆ ಕೂತಿದ್ದೆ ಅಂತಲೇ ನನಗೆ ಮರೆತುಹೋಗಿರುತ್ತದೆ."

"ಆಮೇಲೆ?"

"ಆಮೇಲೆ ಏನು, ಬ್ರಷ್ ಹಿಡಿದು ತೊಳೆಯುವುದು. ಇಪ್ಪತ್ತು ದಿನದಲ್ಲಿ ಸರಿಯಾಗಿ ಎಳೆದದ್ದು ಎರಡು ಸಲ. ತೊಳೆದದ್ದು ಇನ್ನೂರು ಸಲ."

ಹೊಸ ಫೋಟೋ ತೋರಿಸಿದರು. ಮಗು ಬುರೈಮಿಗೆ ಬಂದಾಗಿತ್ತು. ಮಾಸ್ಟ್ರ ಎರಡೂ ಕೈಯ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿ. ನಾನು ಫೋಟೋ ನೋಡುವಾಗ ಅವರು ಗೋಡೆಯ ಕಡೆ ತಿರುಗಿ ಡಬ್ಬಗಳ ಹೆಸರು ಓದುತ್ತಿದ್ದರು. ಓಮದ ಡಬ್ಬ ಬಂದಾಗ, "ಇದರ ಮೇಲೆ ದಿನಾಂಕ ಇಷ್ಟು ದೊಡ್ಡದಾಗಿ ಯಾಕೆ ಬರೆದಿದ್ದಿ?" ಎಂದು ಕೇಳಿದರು.

೮. ಮಾಸ್ಟ್ರ ಹೆಂಡತಿ

ಹತ್ತು ದಿನ ಕಳೆದು ಒಬ್ಬ ಹಿರಿಯ ಹೆಂಗಸು ಬಂದು, ತಾನು ಮಾಸ್ಟ್ರ ಹೆಂಡತಿ ಎಂದರು. ಅದುವರೆಗೆ ನಾನು ಅವರನ್ನು ನೋಡಿರಲಿಲ್ಲ. ನಾನು ಎದ್ದುನಿಂತು, "ಮುಬಾರಕ್ ಖಾಲಾ! ಮನುಷ್ಯ ನಲವತ್ತು ವರ್ಷದ ಚಟ ಬಿಟ್ಟರಲ್ಲ, ಸಣ್ಣ ಮಾತಾ?" ಎಂದೆ. ನನಗೂ ಅದರಲ್ಲಿ ಪಾಲಿದೆ ಎಂಬ ಹೆಮ್ಮೆ ದನಿಯಲ್ಲಿ ಸ್ವಲ್ಪ ಇದ್ದಿರಬೇಕು.

ಖಾಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ಅವನಿಗೆ ಕಲಿಸಿದವನು ನೀನೇ" ಎಂದರು.

ಸ್ಟೂಲ್ ಕೊಟ್ಟೆ. ಕೂತು ಹೇಳತೊಡಗಿದರು. "ಮೊದಲು ದಿನಕ್ಕೆ ಇಪ್ಪತ್ತು ಸಲ ಅಂಗಳಕ್ಕೆ ಹೋಗುತ್ತಿದ್ದ. ಮನೆಯೊಳಗೆ ಸೇದಬಾರದೆಂದು ಮದುವೆಯಾದ ವರ್ಷವೇ ನಾನು ಹೇಳಿದ್ದೆ. ಇಪ್ಪತ್ತು ಸಲ ಮನೆ ನನ್ನದಾಗಿರುತ್ತಿತ್ತು. ಈಗ ಅಂಗಳಕ್ಕೆ ಯಾಕೆ ಹೋಗುತ್ತಾನೆ? ಹೊಗೆ ಇಲ್ಲ, ವಾಸನೆ ಇಲ್ಲ. ಬೆಳಗಿನಿಂದ ಒಳಗೇ ಕೂತಿರುತ್ತಾನೆ. ಅಡುಗೆಮನೆಗೆ ಬಂದು ಅನ್ನಕ್ಕೆ ಎಷ್ಟು ನೀರು ಅಂತ ಕೇಳುತ್ತಾನೆ. ಮಸಾಲೆ ಡಬ್ಬಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದಾನೆ. ಮಗಳಿಗೆ ಮಗುವನ್ನು ಹಿಡಿಯುವುದು ಹೇಗೆಂದು ಪಾಠ ಮಾಡುತ್ತಾನೆ. ಅವಳು ನರ್ಸ್!"

ನಾನು ತಕ್ಕಡಿ ಒರೆಸಿದೆ.

ಖಾಲಾ ಬಾಗಿಲ ಕಡೆ ನೋಡಿದರು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೌಂಟರಿಗೆ ಬಾಗಿ ಕೇಳಿದರು. "ಮಗಾ, ನಿನ್ನಲ್ಲಿ ಸಿಗರೇಟು ಉಂಟಾ?"

"ಇಲ್ಲ ಖಾಲಾ, ನಾವು ಸೊಪ್ಪು ಮಾತ್ರ ಮಾರುವುದು."

ನಿಟ್ಟುಸಿರು ಬಿಟ್ಟರು. "ಹಾಗಾದರೆ ಚೆನ್ನಾಗಿ ನಿದ್ದೆ ಬರುವ ಸೊಪ್ಪು ಏನಿದೆ, ಅದನ್ನು ಕೊಡು."

ಬಾಬೂನಜ್ ಹೂವು ತೂಗುತ್ತಾ ನನಗೆ ಕೂಸಿನ ನೆನಪಾಯಿತು. ಎಷ್ಟೆಂದರೂ ಅರ್ಧ ಡಾಕ್ಟರ್. ಎಚ್ಚರಿಕೆ ಹೇಳುವುದು ನನ್ನ ಕರ್ತವ್ಯ. "ಖಾಲಾ, ಇದನ್ನು ಅಷ್ಟು ಚಿಕ್ಕ ಮಗುವಿಗೆ ಕುಡಿಸಬಾರದು" ಎಂದೆ.

"ಮಗು ಚೆನ್ನಾಗಿಯೇ ಮಲಗುತ್ತದೆ" ಎಂದರು ಖಾಲಾ. "ಇದು ಅದನ್ನು ಎಬ್ಬಿಸುವವನಿಗೆ."